ಆರ್ಯ ಹೋಗಿ ‘ಒರ್ಯ’ ಆದ ಕಥೆ

1/9

ನಿಮ್ಮ ಕ್ಲಾಸ್‌ನಲ್ಲಿ ಒಬ್ಬ ಆರ್ಯ ಇದ್ದೇ ಇರ್ತಾನೆ. ಇಲ್ಲಾಂದ್ರೆ ಆರ್ಯನ್, ಅದೂ ಇಲ್ಲಾಂದ್ರೆ ಆರ್ಯಾ ಅನ್ನೋ ಹುಡುಗಿ. ಹೆಸರಿನ ಅರ್ಥ ಏನು ಅಂತ ಕೇಳಿ ನೋಡಿ. ಮನೇಲಿ ಹೇಳಿಕೊಟ್ಟದ್ದನ್ನ ಥಟ್ ಅಂತ ಹೇಳ್ತಾರೆ: ಶ್ರೇಷ್ಠ, ಗೌರವಸ್ಥ, ಒಳ್ಳೇ ಮನೆತನದವರು.

ಈಗ ಫಿನ್ಲೆಂಡ್‌ಗೆ ಹೋಗೋಣ. ಅಲ್ಲಿನ ಫಿನ್ನಿಷ್ ಭಾಷೆಯಲ್ಲಿ ‘ಒರ್ಯ’ ಅಂತ ಒಂದು ಪದ ಇದೆ. ಅಪರೂಪದ್ದೇನಲ್ಲ, ಬೈಬಲ್‌ನಲ್ಲೂ ಇದೆ, ಇತಿಹಾಸದ ಪಾಠದಲ್ಲೂ ಇದೆ. ಅರ್ಥ: ಗುಲಾಮ.

ನಮ್ಮ ‘ಆರ್ಯ’, ಅವರ ‘ಒರ್ಯ’ ಎರಡೂ ಒಂದೇ ಪದದಿಂದ ಬಂದವು ಅನ್ನೋದು ಭಾಷಾಶಾಸ್ತ್ರದಲ್ಲಿ ನೂರು ವರ್ಷದಿಂದ ಚರ್ಚೆಯಾಗಿ, ಬಹಳ ಜನ ಒಪ್ಪಿಕೊಂಡಿರುವ ವಿಷಯ. ಒಂದು ಕಡೆ ಶ್ರೇಷ್ಠ, ಇನ್ನೊಂದು ಕಡೆ ಗುಲಾಮ. ಇದು ಹೇಗಾಯ್ತು?

ಇದನ್ನ ಈಗ ಬರೆಯೋಕೆ ಒಂದು ಕಾರಣ ಇದೆ. ಕಳೆದ ವಾರ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ‘ಆರ್ಯರು, ದ್ರಾವಿಡರು’ ಅಂತ ಶುರುವಾದ ಜಗಳ ರಾತ್ರಿ ಒಂದು ಗಂಟೆ ತನಕ ನಡೀತು. ಕೊನೆಗೆ ಯಾರೋ ಒಬ್ಬರು ಇನ್ನೊಬ್ಬರ ಮೈಬಣ್ಣದ ಮೇಲೆ ಒಂದು ಸ್ಟಿಕ್ಕರ್ ಹಾಕಿದರು, ಇಬ್ಬರು ಗ್ರೂಪ್ ಬಿಟ್ಟು ಹೋದರು. ಆ ಜಗಳಕ್ಕೆ ಅಲ್ಲೇ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಈ ಒಂಬತ್ತು ಪೋಸ್ಟ್ ಆ ಉತ್ತರ. ನಿಧಾನವಾಗಿ ಓದಿ.

2/9

ಮೊದಲು ಫಿನ್ನಿಷ್ ಭಾಷೆಯ ಪರಿಚಯ.

ಯುರೋಪಿನ ಹೆಚ್ಚಿನ ಭಾಷೆಗಳು ಇಂಗ್ಲಿಷ್, ಜರ್ಮನ್, ರಷ್ಯನ್, ಸ್ಪ್ಯಾನಿಷ್ ಥರ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವು. ನಮ್ಮ ಸಂಸ್ಕೃತ, ಹಿಂದಿ, ಮರಾಠಿ, ಕೊಂಕಣಿ ಕೂಡ ಅದೇ ಕುಟುಂಬ. ಫಿನ್ನಿಷ್ ಆ ಕುಟುಂಬದ್ದಲ್ಲ. ಅದು ಯುರಾಲಿಕ್ ಕುಟುಂಬದ್ದು. ಎಸ್ಟೋನಿಯನ್, ಹಂಗೇರಿಯನ್, ಉತ್ತರದ ಸಾಮಿ ಜನರ ಭಾಷೆಗಳು, ರಷ್ಯಾದ ವೋಲ್ಗಾ ನದಿಯ ಸುತ್ತ ಇರುವ ಎರ್ಜ್ಯಾ, ಮೋಕ್ಷಾ, ಉದ್ಮುರ್ತ್ ಇವೆಲ್ಲ ಅದರ ನೆಂಟರು.

ಫಿನ್ನಿಷ್‌ನ ಸ್ಥಿತಿ ಹೇಗಿದೆ ಅಂದ್ರೆ, ಸುತ್ತ ಇಂಡೋ-ಯುರೋಪಿಯನ್ ಭಾಷೆಗಳು, ನಡುವೆ ತಾನು ಬೇರೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕನ್ನಡದ್ದೂ ಸ್ವಲ್ಪ ಅದೇ ಕಥೆ. ನಾವು ದ್ರಾವಿಡ ಕುಟುಂಬ, ಸಾವಿರಾರು ವರ್ಷದಿಂದ ಸಂಸ್ಕೃತ ಮತ್ತು ಪ್ರಾಕೃತದ ಪಕ್ಕದಲ್ಲಿ ಬದುಕಿದವರು. ಕನ್ನಡಕ್ಕೂ ಫಿನ್ನಿಷ್‌ಗೂ ರಕ್ತಸಂಬಂಧ ಇದೆ ಅಂತ ಹೇಳ್ತಾ ಇಲ್ಲ. ಆದರೆ ಎರಡೂ ಪದಕ್ಕೆ ಪ್ರತ್ಯಯ ಅಂಟಿಸಿಕೊಂಡು ಹೋಗುವ ಭಾಷೆಗಳು. ‘ತಲೊ’ ಅಂದ್ರೆ ಮನೆ, ‘ತಲೊಸ್ಸ’ ಅಂದ್ರೆ ಮನೆಯಲ್ಲಿ. ಸಪ್ತಮಿ ವಿಭಕ್ತಿ ಗೊತ್ತಿರೋ ನಮಗೆ ಇದು ಹೊಸದಲ್ಲ.

ಇನ್ನೊಂದು ಹೋಲಿಕೆ ಇದೆ. ಎರಡೂ ಭಾಷೆಗಳು ಒಂದೇ ಮನೆತನದಿಂದ ಪದಗಳನ್ನು ಎರವಲು ತಂದಿವೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಬಾಗಿಲಿನಿಂದ.

3/9

ಹೈಸ್ಕೂಲಿನಲ್ಲಿ ತತ್ಸಮ–ತದ್ಭವ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆಕಾಶ–ಆಗಸ, ವರ್ಷ–ಬರಿಸ, ಯಮ–ಜವ. ಒಂದು ಮಾರ್ಕಿನ ಪ್ರಶ್ನೆ. ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಈ ಬದಲಾವಣೆಗಳಿಗೆ ನಿಯಮಗಳನ್ನೇ ಬರೆದಿಟ್ಟ. ಬೇರೆ ಭಾಷೆಯ ಪದ ನಮ್ಮ ನಾಲಿಗೆಗೆ ಒಗ್ಗುವ ಹಾಗೆ ಹೇಗೆ ಬದಲಾಗುತ್ತೆ ಅನ್ನೋ ಲೆಕ್ಕ ಅದು.

ಫಿನ್ನಿಷ್‌ನಲ್ಲೂ ಅಂಥ ‘ತದ್ಭವ’ಗಳಿವೆ. ನೋಡಿ:

ಶತ: ಫಿನ್ನಿಷ್‌ನಲ್ಲಿ ‘ಸತ’, ನೂರು.
ವಜ್ರ: ಫಿನ್ನಿಷ್‌ನಲ್ಲಿ ‘ವಸರ’, ಸುತ್ತಿಗೆ.
ಅಂಶ: ಫಿನ್ನಿಷ್‌ನಲ್ಲಿ ‘ಒಸ’, ಪಾಲು.
ಅರ್ಭ, ಅಂದ್ರೆ ಚಿಕ್ಕವನು, ಮಗು: ಫಿನ್ನಿಷ್‌ನಲ್ಲಿ ‘ಒರ್ಪೊ’, ಅನಾಥ.
ಆರಾ, ಅಂದ್ರೆ ಚರ್ಮಕ್ಕೆ ತೂತು ಹಾಕುವ ಮೊನೆ: ಫಿನ್ನಿಷ್‌ನಲ್ಲಿ ‘ಒರ’, ಅದೇ ಸಲಕರಣೆ.
ಆರ್ಯ: ಫಿನ್ನಿಷ್‌ನಲ್ಲಿ ‘ಒರ್ಯ’, ಗುಲಾಮ.

‘ವಜ್ರ’ವನ್ನೇ ತಗೊಳ್ಳಿ. ಋಗ್ವೇದದಲ್ಲಿ ಅದು ಇಂದ್ರನ ಆಯುಧ. ಇರಾನಿನ ಅವೆಸ್ತಾದಲ್ಲಿ ಗದೆ. ಫಿನ್ನಿಷ್‌ನಲ್ಲಿ ಕಮ್ಮಾರನ ಸುತ್ತಿಗೆ. ನಮ್ಮಲ್ಲಿ ಚಿನ್ನದ ಅಂಗಡಿಯ ಕಲ್ಲು. ಹಳಗನ್ನಡದಲ್ಲಿ ಅದು ‘ಬಜ್ಜರ’ ಆಯ್ತು, ಅಲ್ಲಿ ‘ವಸರ’ ಆಯ್ತು. ಎರಡೂ ಕಡೆ ಒತ್ತಕ್ಷರ ಬಿಡಿಸಿಕೊಂಡು ಸುಲಭ ಮಾಡ್ಕೊಂಡಿದ್ದಾರೆ. ಎರಡು ಭಾಷೆ, ಒಂದೇ ಉಪಾಯ.

ಪಟ್ಟಿಯ ಕೊನೇ ನಾಲ್ಕು ಪದ ಮತ್ತೆ ನೋಡಿ. ನಮ್ಮ ‘ಅ/ಆ’ ಇರೋ ಜಾಗದಲ್ಲಿ ಅವರಲ್ಲಿ ‘ಒ’ ಬಂದಿದೆ. ಕಿವಿಗೆ ಒಂದೇ ಥರ ಕೇಳಿಸ್ತು ಅಂತ ಎರಡು ಪದಗಳನ್ನು ಸೇರಿಸಿದರೆ ಅದು ಭಾಷಾಶಾಸ್ತ್ರ ಆಗಲ್ಲ. ಒಂದೇ ಬದಲಾವಣೆ ಹಲವು ಪದಗಳಲ್ಲಿ ಮತ್ತೆ ಮತ್ತೆ ಬಂದರೆ ಮಾತ್ರ ಅದಕ್ಕೆ ತೂಕ. ‘ಒರ್ಯ’ಕ್ಕೆ ಆ ತೂಕ ಇದೆ.

4/9

ಇಲ್ಲಿ ಒಂದು ತಪ್ಪು ತಿಳುವಳಿಕೆ ಬೇಡ. ‘ನೋಡಿ, ಫಿನ್ನಿಷ್ ಭಾಷೆ ಸಂಸ್ಕೃತದಿಂದ ಹುಟ್ಟಿತು’ ಅಂತ ಯಾರಾದ್ರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಈ ಪದಗಳನ್ನು ಕೊಟ್ಟದ್ದು ಸಂಸ್ಕೃತ ಅಲ್ಲ. ಸಂಸ್ಕೃತಕ್ಕೂ ಇರಾನಿ ಭಾಷೆಗಳಿಗೂ ಅಜ್ಜಿಯಾದ ಒಂದು ಹಳೇ ಭಾಷೆ ಮತ್ತು ಅದರ ಹತ್ತಿರದ ಮಕ್ಕಳು. ವಿದ್ವಾಂಸರು ಅದನ್ನು ಇಂಡೋ-ಇರಾನಿಯನ್ ಅಂತಾರೆ.

ಪದ ತಗೊಂಡ ಜನ ಕೂಡ ಆಗ ಫಿನ್ಲೆಂಡ್‌ನಲ್ಲಿ ಇರಲಿಲ್ಲ. ಯುರಾಲಿಕ್ ಭಾಷೆಗಳ ಪೂರ್ವಜರು ವೋಲ್ಗಾ ನದಿ, ಯುರಾಲ್ ಬೆಟ್ಟಗಳ ಕಡೆಯ ಕಾಡುಗಳಲ್ಲಿ ಇದ್ದರು. ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಕುದುರೆ, ದನ ಸಾಕುವ ಇನ್ನೊಂದು ಜನ ಇದ್ದರು. ಯುರಾಲ್ ಬೆಟ್ಟಗಳ ದಕ್ಷಿಣಕ್ಕೆ ಸಿಂತಾಷ್ತಾ ಅನ್ನೋ ಸಂಸ್ಕೃತಿಯ ಕುರುಹು ಸಿಕ್ಕಿದೆ. ಸುಮಾರು ಕ್ರಿ.ಪೂ. 2000ರ ಆಸುಪಾಸಿನದು. ಕೋಟೆ ಕಟ್ಟಿದ ಊರು, ತಾಮ್ರ ಕರಗಿಸುವ ಒಲೆ, ಗೋರಿಯಲ್ಲಿ ಕುದುರೆ ಮತ್ತು ರಥ. ಜಗತ್ತಿನಲ್ಲಿ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ರಥಗಳು ಇವು. ಇಂಡೋ-ಇರಾನಿಯನ್ ಮಾತಾಡುತ್ತಿದ್ದವರು ಇವರೇ ಇರಬೇಕು ಅಂತ ಹಲವು ವಿದ್ವಾಂಸರು ಹೇಳ್ತಾರೆ.

ಕಾಡಿನವರು, ಹುಲ್ಲುಗಾವಲಿನವರು ನೆರೆಹೊರೆ. ವ್ಯಾಪಾರ ಇದ್ದಿರಬೇಕು, ಮದುವೆ ಇದ್ದಿರಬೇಕು, ಹೊಡೆದಾಟ ಕೂಡ. ನೂರರ ತನಕ ಎಣಿಸೋದು ವ್ಯಾಪಾರಕ್ಕೆ ಬೇಕು: ‘ಸತ’ ಬಂತು. ಸುತ್ತಿಗೆ ಬೇಕು: ‘ವಸರ’ ಬಂತು. ಪಾಲು ಹಂಚಬೇಕು: ‘ಒಸ’ ಬಂತು.

‘ಆರ್ಯ’ ಹೇಗೆ ಬಂತು?

5/9

ಆ ಕಾಲದಲ್ಲಿ ‘ಆರ್ಯ’ ಅಂದ್ರೆ ಏನು ಅನ್ನೋದು ಇಲ್ಲಿ ಮುಖ್ಯ.

ಅದು ಆ ಜನ ತಮ್ಮನ್ನು ತಾವು ಕರೆದುಕೊಂಡ ಹೆಸರು. ‘ನಮ್ಮವರು’ ಅಂತಾರಲ್ಲ, ಹಾಗೆ. ಋಗ್ವೇದದ ಕವಿಗಳು ತಮ್ಮ ಕಡೆಯವರನ್ನ ಆರ್ಯ ಅಂದರು. ಇರಾನಿನ ದೊರೆ ಮೊದಲನೇ ದಾರಿಯಸ್ ನಕ್ಷ್-ಎ-ರುಸ್ತಮ್‌ನ ಬಂಡೆಯ ಮೇಲೆ ತಾನು ಆರ್ಯ, ಆರ್ಯ ಕುಲದವನು ಅಂತ ಕೆತ್ತಿಸಿಕೊಂಡ. ‘ಇರಾನ್’ ಅನ್ನೋ ದೇಶದ ಹೆಸರು ಬಂದದ್ದೂ ಇದೇ ಪದದಿಂದ. ತಮ್ಮವರನ್ನ ಕರೆಯುವ ಹೆಸರಿಗೆ ‘ಒಳ್ಳೆಯವರು, ಗೌರವಸ್ಥರು’ ಅನ್ನೋ ಬಣ್ಣ ಬರೋದು ಸಹಜ. ಯಾರು ತಾನೇ ತಮ್ಮವರನ್ನ ಕೆಟ್ಟವರು ಅಂತಾರೆ?

ಆದರೆ ಆ ಹೆಸರು ಕಾಡಿನ ಕಡೆಗೆ ಹೋದಾಗ ಏನಾಯ್ತು? ಹೊಡೆದಾಟದಲ್ಲಿ ಸಿಕ್ಕಿಬಿದ್ದ ಹುಲ್ಲುಗಾವಲಿನವನನ್ನು ‘ನೀನ್ಯಾರು’ ಅಂತ ಕೇಳಿರ್ತಾರೆ. ಅವನು ‘ಆರ್ಯ’ ಅಂದಿರ್ತಾನೆ. ಸೆರೆಯಾಳುಗಳು ಮನೆ ಮನೆಗೆ ಹಂಚಿಕೆಯಾಗಿ ನೀರು ಹೊತ್ತರು, ಸೌದೆ ಒಡೆದರು. ‘ನಮ್ಮ ಮನೇಲಿ ಒಬ್ಬ ಆರ್ಯ ಇದ್ದಾನೆ’ ಅನ್ನೋ ಮಾತು ಕೆಲವು ತಲೆಮಾರು ಕಳೆಯೋ ಹೊತ್ತಿಗೆ ‘ನಮ್ಮ ಮನೇಲಿ ಒಬ್ಬ ಆಳು ಇದ್ದಾನೆ’ ಅಂತ ಆಗಿಬಿಟ್ಟಿತು. ಕಣ್ಣಾರೆ ಕಂಡವರು ಬರೆದಿಟ್ಟದ್ದಲ್ಲ ಇದು. ಪದದ ಅರ್ಥ ನೋಡಿ ವಿದ್ವಾಂಸರು ಕೊಡುವ ವಿವರಣೆ. ವೋಲ್ಗಾ ಕಡೆಯ ಎರ್ಜ್ಯಾ ಭಾಷೆಯಲ್ಲೂ ಈ ಪದದ ನೆಂಟ ಇದೆ, ‘ಉರೆ’ ಅಂತ. ಅದಕ್ಕೂ ಗುಲಾಮ ಅಂತಲೇ ಅರ್ಥ.

ಹೀಗೆ ಆದದ್ದು ಇದೊಂದೇ ಸಲ ಅಲ್ಲ. ಇಂಗ್ಲಿಷಿನ ‘ಸ್ಲೇವ್’ ಬಂದದ್ದು ‘ಸ್ಲಾವ್’ ಜನರ ಹೆಸರಿಂದ; ಮಧ್ಯಯುಗದ ಯುರೋಪಿನಲ್ಲಿ ಅಷ್ಟೊಂದು ಸ್ಲಾವರನ್ನು ಹಿಡಿದು ಮಾರಿದರು. ಹಳೇ ಇಂಗ್ಲಿಷಿನಲ್ಲಿ ವೆಲ್ಷ್ ಜನರನ್ನ ಕರೆಯುವ ಪದಕ್ಕೇ ಗುಲಾಮ ಅನ್ನೋ ಅರ್ಥವೂ ಬಂದಿತ್ತು. ಸೋತವರ ಹೆಸರು ಗೆದ್ದವರ ಮನೆಯಲ್ಲಿ ಕೆಲಸದ ಹೆಸರಾಗುತ್ತೆ.

6/9

ಈಗ ಈ ಕನ್ನಡಿಯನ್ನ ನಮ್ಮ ಕಡೆ ತಿರುಗಿಸೋಣ.

ಋಗ್ವೇದದಲ್ಲಿ ಆರ್ಯರ ಎದುರಾಳಿಗಳಿಗೆ ಒಂದು ಹೆಸರಿದೆ: ದಾಸ. ಅದು ಕೂಡ ಮೊದಲು ಒಂದು ಜನರ ಹೆಸರೇ. ಇರಾನಿ ಗುಂಪಿನ ಖೋತಾನೀ ಭಾಷೆಯಲ್ಲಿ ಅದೇ ಮೂಲದ ‘ದಹ’ ಅನ್ನೋ ಪದಕ್ಕೆ ಗಂಡಸು, ಮನುಷ್ಯ ಅಂತ ಮಾತ್ರ ಅರ್ಥ. ಆದರೆ ಸಂಸ್ಕೃತದಲ್ಲಿ ‘ದಾಸ’ ಗುಲಾಮ ಆಯ್ತು. ಅದರಿಂದ ದಾಸಿ ಬಂತು, ದಾಸ್ಯ ಬಂತು.

ಅಂದ್ರೆ ಲೆಕ್ಕ ಹೀಗಿದೆ. ಉತ್ತರದ ಕಾಡಿನಲ್ಲಿ ‘ಆರ್ಯ’ ಅಂದ್ರೆ ಗುಲಾಮ. ಇಲ್ಲಿ ಆರ್ಯ ಅಂತ ಕರೆದುಕೊಂಡವರ ಬಾಯಲ್ಲಿ ‘ದಾಸ’ ಅಂದ್ರೆ ಗುಲಾಮ. ಎರಡೂ ಕಡೆ ಪಕ್ಕದವರ ಹೆಸರೇ ಕೆಳಗೆ ಬಿದ್ದದ್ದು.

ಕನ್ನಡಕ್ಕೆ ‘ದಾಸ’ ಬಂದ ಮೇಲೆ ಏನಾಯ್ತು ಅಂತ ನಿಮಗೇ ಗೊತ್ತು. ಪುರಂದರದಾಸರು, ಕನಕದಾಸರು. ಜೇಡರ ದಾಸಿಮಯ್ಯನ ಹೆಸರಲ್ಲೂ ಅದೇ ಪದ. ಶಂಖ, ಜಾಗಟೆ ಹಿಡಿದು ಮನೆ ಬಾಗಿಲಿಗೆ ಬರುವ ದಾಸಯ್ಯನಿಗೆ ಅಕ್ಕಿ ಹಾಕಿ ಕೈ ಮುಗೀತೀವಿ. ಒಂದು ಕಾಲಕ್ಕೆ ಸೋತವರ ಹೆಸರಾಗಿದ್ದದ್ದು ಇಲ್ಲಿ ಬಿರುದು. ಜಾತಿಯ ಏಣಿಯನ್ನ ಪ್ರಶ್ನೆ ಮಾಡಿದ ಕನಕರು ತಮ್ಮ ಹೆಸರಿಗೆ ‘ದಾಸ’ ಅಂತ ಸೇರಿಸಿಕೊಂಡರು ಅನ್ನೋದನ್ನ ಒಂದು ನಿಮಿಷ ಯೋಚಿಸಿ ನೋಡಿ.

ಹಾಗಂತ ಎಲ್ಲವೂ ಸಿಹಿಯಾಯ್ತು ಅಂತಲ್ಲ. ದಾಸರಿಗೆ ನಮಸ್ಕಾರ ಮಾಡೋ ಬಾಯಲ್ಲೇ ‘ದಾಸಿ’ ಅನ್ನೋದು ಬೈಗುಳ. ಒಂದೇ ಪದ, ಗಂಡಸಿಗೆ ಗೌರವ, ಹೆಂಗಸಿಗೆ ಅವಮಾನ. ಪದ ಏನೂ ಮಾಡಲಿಲ್ಲ, ಮಾಡಿದ್ದು ಬಳಸಿದವರು.

7/9

ಫಿನ್ನಿಷ್ ಜನ ‘ಒರ್ಯ’ ಪದವನ್ನು ಬರೀ ಬೇರೆಯವರಿಗೆ ಅಂತ ಇಟ್ಟುಕೊಳ್ಳಲಿಲ್ಲ.

ಅವರ ಮಹಾಕಾವ್ಯ ‘ಕಲೇವಲ’. ಎಲಿಯಾಸ್ ಲೋನ್ರೋಟ್ ಅನ್ನೋ ವೈದ್ಯರು ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡುಗಳನ್ನು ಸಂಗ್ರಹಿಸಿ, ಜೋಡಿಸಿ 1835ರಲ್ಲಿ ಪ್ರಕಟಿಸಿದರು. 1849ರಲ್ಲಿ ಅದನ್ನೇ ಹಿಗ್ಗಿಸಿ 50 ಹಾಡುಗಳ ಗ್ರಂಥ ಮಾಡಿದರು. ಅದರಲ್ಲಿ ಕುಲ್ಲೆರ್ವೊ ಅನ್ನೋ ಹುಡುಗನ ಕಥೆ ಬರುತ್ತೆ. ಚಿಕ್ಕಪ್ಪನೇ ಇವನ ಮನೆತನವನ್ನ ನಾಶ ಮಾಡಿರ್ತಾನೆ. ಹುಡುಗ ಹುಟ್ಟೋದೇ ಸೆರೆಯಲ್ಲಿ. ಕೊನೆಗೆ ಅವನನ್ನು ಇಲ್ಮರಿನೆನ್ ಅನ್ನೋ ಕಮ್ಮಾರನಿಗೆ ಗುಲಾಮನಾಗಿ ಮಾರ್ತಾರೆ. ಬೆಲೆ ಏನು ಗೊತ್ತಾ? ಒಂದಷ್ಟು ಹಳೇ ಪಾತ್ರೆ, ಸವೆದುಹೋದ ಕುಡುಗೋಲು.

ಕಮ್ಮಾರನ ಹೆಂಡತಿ ದನ ಕಾಯೋಕೆ ಕಳಿಸುವಾಗ ಬುತ್ತಿಯ ರೊಟ್ಟಿಯೊಳಗೆ ಕಲ್ಲಿಟ್ಟು ಬೇಯಿಸಿ ಕೊಡ್ತಾಳೆ. ಹಸಿದ ಹುಡುಗ ರೊಟ್ಟಿ ಕೊಯ್ಯೋಕೆ ಹೋದರೆ ಕಲ್ಲಿಗೆ ತಾಗಿ ಚಾಕು ಮುರಿಯುತ್ತೆ. ಅಪ್ಪನ ನೆನಪಿಗೆ ಅಂತ ಅವನ ಹತ್ತಿರ ಉಳಿದಿದ್ದು ಆ ಚಾಕು ಒಂದೇ. ಮುಂದಿನ ಅನಾಹುತ ಎಲ್ಲ ಅಲ್ಲಿಂದ ಶುರು.

ಆ ಮನೆಯನ್ನೊಮ್ಮೆ ಕಣ್ಮುಂದೆ ತಂದುಕೊಳ್ಳಿ. ಕಮ್ಮಾರನ ಕೈಯಲ್ಲಿ ‘ವಸರ’. ಹೊರಗೆ ದನ ಕಾಯುವ ‘ಒರ್ಯ’, ಅವನು ‘ಒರ್ಪೊ’ ಕೂಡ. ಮೂರೂ ಪದ ಸಾವಿರಾರು ವರ್ಷಗಳ ಹಿಂದೆ ಹುಲ್ಲುಗಾವಲಿನವರಿಂದ ಬಂದವು. ಹಾಡಿದ ಅಜ್ಜಂದಿರಿಗೆ ಇದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವು ಅವರದೇ ಪದ.

1713ರಿಂದ 1721ರ ತನಕ ರಷ್ಯಾದ ಸೇನೆ ಫಿನ್ಲೆಂಡನ್ನು ಹಿಡಿದುಕೊಂಡಿತ್ತು. ಸಾವಿರಾರು ಫಿನ್ನಿಷ್ ಜನರನ್ನ, ಮಕ್ಕಳನ್ನೂ ಸೇರಿಸಿ, ಗುಲಾಮರಾಗಿ ಎಳೆದುಕೊಂಡು ಹೋದರು. ಆಗ ‘ಒರ್ಯ’ ಯಾರೋ ಹೊರಗಿನವನಾಗಿರಲಿಲ್ಲ. ಅವರ ಮನೆಯ ಮಗುವೇ ಆಗಿತ್ತು.

8/9

ಇಲ್ಲಿವರೆಗೆ ಪದದ ಕಥೆ. ಈಗ ಅದೇ ಪದ ಹಿಡಿದು ಮನುಷ್ಯರನ್ನ ಅಳೆದ ಕಥೆ.

18ನೇ ಶತಮಾನದ ಕೊನೆಗೆ ಜರ್ಮನಿಯ ಬ್ಲೂಮೆನ್‌ಬಾಖ್ ಮನುಷ್ಯರನ್ನು ಐದು ವಿಧಗಳಾಗಿ ವಿಂಗಡಿಸಿದರು. ಫಿನ್ನಿಷ್ ಜನರನ್ನು ‘ಮಂಗೋಲಿಯನ್’ ಪಟ್ಟಿಗೆ ಹಾಕಿದರು. 19ನೇ ಶತಮಾನದಲ್ಲಿ ‘ಆರ್ಯ’ ಅನ್ನೋ ಭಾಷೆಯ ಮಾತನ್ನು ಯುರೋಪಿನವರು ‘ಆರ್ಯ ಜನಾಂಗ’ ಮಾಡಿಬಿಟ್ಟರು. ಭಾಷಾಶಾಸ್ತ್ರಜ್ಞ ಮ್ಯಾಕ್ಸ್ ಮುಲ್ಲರ್ 1888ರಲ್ಲಿ, ಆರ್ಯ ಅನ್ನೋದು ಭಾಷೆಗೆ ಸಂಬಂಧಪಟ್ಟದ್ದು, ರಕ್ತಕ್ಕೂ ತಲೆಬುರುಡೆಗೂ ಸಂಬಂಧ ಇಲ್ಲ ಅಂತ ಖಡಾಖಂಡಿತವಾಗಿ ಬರೆದರು. ಆದರೂ ಆ ಹುಚ್ಚು ನಿಲ್ಲಲಿಲ್ಲ.

1908, ಅಮೆರಿಕದ ಮಿನೆಸೋಟ. ಜಾನ್ ಸ್ವಾನ್ ಅನ್ನೋ ಫಿನ್ನಿಷ್ ವಲಸಿಗ ಪೌರತ್ವ ಕೇಳಿದರೆ, ‘ನೀವು ಮಂಗೋಲಿಯನ್, ಬಿಳಿಯರಲ್ಲ’ ಅಂತ ಸರ್ಕಾರಿ ವಕೀಲರು ತಡೆದರು. ನ್ಯಾಯಾಧೀಶರು, ಮೂಲ ಏನೇ ಇರಲಿ ಈಗ ಇವರು ಬಿಳಿಯರೇ ಅಂತ ತೀರ್ಪು ಕೊಟ್ಟರು. ಪೌರತ್ವ ಸಿಕ್ಕಿತು.

1923, ಅಮೆರಿಕದ ಸುಪ್ರೀಂ ಕೋರ್ಟ್. ಪಂಜಾಬಿನ ಭಗತ್ ಸಿಂಗ್ ಥಿಂದ್. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಯಲ್ಲಿದ್ದವರು. ‘ನಾನು ಆರ್ಯ, ಮೇಲ್ಜಾತಿಯವನು, ಆದ್ದರಿಂದ ಬಿಳಿಯ’ ಅನ್ನೋದು ಅವರ ವಾದ. ಸಾಮಾನ್ಯ ಮನುಷ್ಯ ‘ಬಿಳಿಯ’ ಅಂದಾಗ ನಿಮ್ಮನ್ನು ಲೆಕ್ಕಕ್ಕೆ ಹಿಡಿಯಲ್ಲ ಅಂತ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು.

ಗಮನಿಸಿ. ಯಾರ ಭಾಷೆಯಲ್ಲಿ ‘ಆರ್ಯ’ ಅಂದ್ರೆ ಗುಲಾಮನೋ ಅವರು ಒಳಗೆ. ಯಾರು ‘ನಾನು ಆರ್ಯ’ ಅಂತ ಎದೆ ತಟ್ಟಿಕೊಂಡರೋ ಅವರು ಹೊರಗೆ. ತಮ್ಮದೇ ದೇಶದ ಉಳಿದವರಿಗಿಂತ ತಾನು ಮೇಲು ಅಂತ ತೋರಿಸಿ ಬಾಗಿಲು ತೆರೆಸಿಕೊಳ್ಳೋಕೆ ಹೋದರು. ಬಾಗಿಲು ತೆರೆಯಲಿಲ್ಲ.

1933ರಲ್ಲಿ ಜರ್ಮನಿಯ ನಾಜಿ ಸರ್ಕಾರ ‘ಆರ್ಯರಲ್ಲದವರನ್ನು’ ಸರ್ಕಾರಿ ಕೆಲಸದಿಂದ ತೆಗೆಯೋ ಕಾನೂನು ತಂದಿತು. ಕೊನೆಗೆ ಆದದ್ದು ಲಕ್ಷಾಂತರ ಯಹೂದ್ಯರ ಕೊಲೆ. ಅದೇ ನಾಜಿಗಳು ರೋಮಾ ಜನರನ್ನೂ ಕೊಂದರು. ರೋಮಾ ಜನರ ಭಾಷೆ ಹಿಂದಿ, ಪಂಜಾಬಿಗಳ ನೆಂಟ. ಭಾಷೆಯ ಲೆಕ್ಕದಲ್ಲಿ ನೋಡಿದರೆ ಅಲ್ಲಿ ‘ಆರ್ಯ’ ಪದಕ್ಕೆ ಅತ್ಯಂತ ಹತ್ತಿರ ಇದ್ದವರು ಆ ರೋಮಾ ಜನರೇ.

9/9

ಮತ್ತೆ ನಮ್ಮ ಗ್ರೂಪ್‌ಗೆ ಬರ್ತೀನಿ.

ಆ ರಾತ್ರಿ ಒಬ್ಬರು ‘ನಾವು ಆರ್ಯರು’ ಅಂದರು, ಇನ್ನೊಬ್ಬರು ‘ನಾವು ದ್ರಾವಿಡರು’ ಅಂದರು. ಇಬ್ಬರೂ ಟೈಪ್ ಮಾಡಿದ್ದು ಒಂದೇ ಕನ್ನಡದಲ್ಲಿ. ಆ ಕನ್ನಡದಲ್ಲಿ ‘ನೂರು’ ಇದೆ, ‘ಶತಮಾನ’ ಇದೆ, ‘ಗುಲಾಮ’ ಅನ್ನೋ ಅರಬ್ಬಿ ಮೂಲದ ಪದ ಇದೆ, ‘ಸ್ಟಿಕ್ಕರ್’ ಅನ್ನೋ ಇಂಗ್ಲಿಷ್ ಪದವೂ ಇದೆ. ಪದಗಳು ರಕ್ತದಲ್ಲಿ ಹರಿದು ಬರಲ್ಲ. ಸಂತೆಯಲ್ಲಿ, ಮದುವೆಯಲ್ಲಿ, ಯುದ್ಧದಲ್ಲಿ, ಸೆರೆಮನೆಯಲ್ಲಿ ಕೈ ಬದಲಾಯಿಸ್ತವೆ. ನಿಮ್ಮ ಬಾಯಲ್ಲಿರೋ ಪದ ನಿಮ್ಮ ಅಜ್ಜಿ ಯಾರ ಪಕ್ಕದಲ್ಲಿ ಬದುಕಿದರು ಅಂತ ಹೇಳುತ್ತೆ. ನೀವು ಯಾರಿಗಿಂತ ಮೇಲು ಅಂತ ಹೇಳಲ್ಲ.

ಕೊನೇದಾಗಿ ನಮ್ಮದೇ ಒಂದು ಪದ: ಜೀತ. ಅದು ‘ಜೀವಿತ’ ಅನ್ನೋ ಸಂಸ್ಕೃತ ಪದದ ತದ್ಭವ. ಮೊದಲಿಗೆ ಅದಕ್ಕೆ ಜೀವನೋಪಾಯ, ಸಂಬಳ ಅಂತ ಅರ್ಥ. ಬದುಕೋಕೆ ಅಂತ ಕೊಡುತ್ತಿದ್ದದ್ದು. ಅದೇ ಪದ ನಮ್ಮ ಹಳ್ಳಿಗಳಲ್ಲಿ ಸಾಲಕ್ಕೆ ಬಿದ್ದು ಗೌಡರ ಮನೆಯಲ್ಲಿ ತಲೆಮಾರುಗಟ್ಟಲೆ ದುಡಿಯುವ ಮನುಷ್ಯನ ಹೆಸರಾಯ್ತು: ಜೀತದಾಳು. ಕಾನೂನು ಮಾಡಿ ಅದನ್ನ ರದ್ದು ಮಾಡಿದ್ದು 1976ರಲ್ಲಿ. ಅಂದ್ರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ. ಗುಲಾಮಗಿರಿ ಎಲ್ಲೋ ಯುರಾಲ್ ಬೆಟ್ಟದ ಆಚೆ ನಡೆದದ್ದು ಅಂದ್ಕೋಬೇಡಿ. ‘ಜೀವನ’ ಅನ್ನೋ ಅರ್ಥದ ಪದವನ್ನೇ ನಾವು ಸರಪಳಿ ಮಾಡಿದವರು.

ನಿಮ್ಮ ಕ್ಲಾಸಿನ ಆರ್ಯನಿಗೆ ಇದನ್ನ ಕಳಿಸಿ, ಆದರೆ ರೇಗಿಸೋಕಲ್ಲ. ಅವನ ಹೆಸರು ಚೆನ್ನಾಗಿಯೇ ಇದೆ. ಅದು ನಾಲ್ಕು ಸಾವಿರ ವರ್ಷ ನಡೆದು, ಒಂದು ಕಡೆ ಬಂಡೆಯ ಮೇಲೆ ಕೂತು, ಇನ್ನೊಂದು ಕಡೆ ದನ ಕಾಯ್ದು ಬಂದ ಹೆಸರು ಅಂತ ಗೊತ್ತಿದ್ದರೆ ಸಾಕು.

ಮತ್ತೆ ಗ್ರೂಪ್ ಬಿಟ್ಟು ಹೋದ ಆ ಇಬ್ಬರಿಗೆ: ವಾಪಸ್ ಬನ್ರೋ. ಸ್ಟಿಕ್ಕರ್ ಹಾಕಿದವರು ಕ್ಷಮೆ ಕೇಳಲಿ, ಮಾತು ಮುಂದುವರಿಸೋಣ.

ನಿಮ್ಮ ಮನೆಮಾತಿನಲ್ಲಿ ಗುಲಾಮ, ಆಳು, ಜೀತಕ್ಕೆ ಬೇರೆ ಪದ ಇದ್ರೆ ಕೆಳಗೆ ಬರೀರಿ. ತುಳು, ಕೊಡವ, ಬ್ಯಾರಿ, ಕೊಂಕಣಿ, ಲಂಬಾಣಿ, ಉರ್ದು, ಯಾವುದಾದ್ರೂ ಸರಿ. ಹಿರಿಯರನ್ನ ಕೇಳಿ ಬರೆದರೆ ಇನ್ನೂ ಒಳ್ಳೇದು.

#ಪದಗಳಕಥೆ #ಇತಿಹಾಸ #ತತ್ಸಮತದ್ಭವ #ಕನ್ನಡ